ಬುದ್ಧಿ ಅಳೆಯಲು ಹೋದದ್ದು

ಎಂಬತ್ತರ ದಶಕದ ಆರಂಭದಲ್ಲಿ ನಾನು ಸವಣೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಓದು ಹತ್ತದ ಮಕ್ಕಳನ್ನು ಪರೀಕ್ಷಿಸುವುದು ಹೇಗೆಂದು ಧಾರವಾಡದಲ್ಲಿ ಹತ್ತು ದಿನ ತರಬೇತಿ ಕೊಟ್ಟರು. ಮರಳಿ ಬರುವಾಗ ಬಸ್ಸಿನಲ್ಲಿ, ಕೆಂಪು-ಬಿಳಿ ಕಟ್ಟಿಗೆಯ ತುಂಡುಗಳಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

"ಏನೈತ್ರಿ ಅಕ್ಕಾರ ಅದರಾಗ?" ಎಂದ ಕಂಡಕ್ಟರ್.

"ಬುದ್ಧಿ ಅಳಿಯೋ ಸಾಮಾನ್ರಿ," ಎಂದೆ, ಇಡೀ ಬಸ್ಸಿಗೆ ಕೇಳುವಂತೆ.

ಪರೀಕ್ಷೆಗೆ ನಾನು ಮೊದಲು ಆರಿಸಿದ್ದು ವೀಳ್ಯದೆಲೆ ತೋಟದವರ ಮಗಳನ್ನು. ಎರಡು ವರ್ಷದಿಂದ ಮೂರನೇ ಇಯತ್ತೆಯಲ್ಲೇ ಇದ್ದಳು. ದಡ್ಡಿ ಎಂದು ನಾನಾಗಲೇ ತೀರ್ಮಾನಿಸಿದ್ದೆ. ಪರೀಕ್ಷೆ ಅದಕ್ಕೊಂದು ಮುದ್ರೆ ಒತ್ತಬೇಕಿತ್ತು, ಅಷ್ಟೆ.

ಚಿತ್ರದಲ್ಲಿದ್ದಂತೆ ತುಂಡುಗಳನ್ನು ಜೋಡಿಸಬೇಕು. "ಹೂಂ, ಶುರು ಮಾಡು," ಎಂದು ಗತ್ತಿನಿಂದ ವೇಳೆ ಅಳೆಯುವ ಗಡಿಯಾರದ ಗುಂಡಿ ಒತ್ತಿದೆ. ಅದಕ್ಕೆ ಕೀಲಿ ಕೊಡುವುದನ್ನೇ ಮರೆತಿದ್ದೆ. ನಾನು ಕೀಲಿ ತಿರುವುತ್ತಿರುವಾಗಲೇ, "ಆತ್ರಿ ಅಕ್ಕೋರ," ಎಂದಳು. ಆಗಿತ್ತು! ಮಾನ ಉಳಿಸಿಕೊಳ್ಳಲು ಮುಂದಿನದನ್ನು ನಾನೇ ಜೋಡಿಸಿ ತೋರಿಸಲು ಹೋಗಿ ಸಿಕ್ಕಿಹಾಕಿಕೊಂಡೆ.

"ಆ ಮೂಲ್ಯಾಗಿಂದು ಒಂಚೂರು ತಿರುಗಸ್ರಿ," ಎಂದಳು ಮೆಲ್ಲಗೆ. ತಿರುಗಿಸಿದೆ. ಸರಿಯಾಯಿತು.

ಕತೆ ಹೇಳಿ ಪ್ರಶ್ನೆ ಕೇಳಿದೆ, ಪಟಪಟನೆ ಉತ್ತರಿಸಿದಳು. ಆದರೆ ಓದುವ ಹಾಳೆ ಕೊಟ್ಟೊಡನೆ ಮುಖ ಬಾಡಿತು. 'ವನ'ವನ್ನು 'ಮನ' ಎಂದಳು, 'ಮರ'ವನ್ನು 'ವರ' ಎಂದಳು. ಪ್ರತಿ ಸಲವೂ ಅದೇ ತಪ್ಪು. ಎರಡು ವರ್ಷ ಅದಕ್ಕಾಗಿ ಅವಳ ಕೈಗೆ ಪಟ್ಟಿಯಿಂದ ಹೊಡೆದ ನನಗೆ, ತಪ್ಪು ಒಂದೇ ಎಂಬುದು ತಿಳಿದದ್ದು ಅಂದೇ.

ಸಂಜೆ ಅವಳ ಮನೆಗೆ ಹೋದೆ. ತಾಯಿ ಎಲೆಯ ಕಟ್ಟು ಕಟ್ಟುತ್ತಿದ್ದಳು. ಮಗಳು ಬಹಳ ಜಾಣೆ, ಅಕ್ಷರ ಗುರುತಿಸುವುದಷ್ಟೇ ಅವಳಿಗೆ ತೊಡಕು ಎಂದು ತರಬೇತಿಯ ಭಾಷೆಯಲ್ಲಿ ವಿವರಿಸಿದೆ.

ಆಕೆ ಕೈ ನಿಲ್ಲಿಸದೆಯೇ ಕೇಳಿದಳು: "ಎರಡ ವರ್ಷ ದಡ್ಡಿ ಅಂದ್ರಿ, ಈಗ ಶ್ಯಾಣ್ಯಾಕಿ ಅಂತೀರಿ. ಪರೀಕ್ಷಾ ಆಕಿಗೆ ಮಾಡಿದ್ರೋ, ನಿಮಗ ಮಾಡ್ಕೊಂಡ್ರೋ?"

ನಾನು ಹೊರಡಲು ಎದ್ದೆ.

"ಇರ್ಲಿ, ಕುಂದರ್ರಿ. ಚಾ ಕುಡದು ಹೋಗ್ರಿ," ಎಂದಳು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ನಾನೂ ಹುಡುಗಿಯೂ ಅಂಗಳದ ಉಸುಕಿನಲ್ಲಿ ಬೆರಳಿನಿಂದ ಅಕ್ಷರ ತಿದ್ದತೊಡಗಿದೆವು. ನಾನು ಪಕ್ಕದಲ್ಲಿ ಒಂದೇ ಸಮ ಒದರುತ್ತಿದ್ದೆ. ಮೂರನೆಯ ದಿನ ಅವಳೆಂದಳು, "ಅಕ್ಕೋರ, ನೀವು ಸುಮ್ಮ ಇದ್ರ ಲಗೂನ ಬರ್ತೈತ್ರಿ."

ಸುಮ್ಮನಾದೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. 'ಮ' ಮತ್ತು 'ವ' ಬೇರೆಯಾಗಲು ದಸರೆಯವರೆಗೆ ಹಿಡಿಯಿತು. ವಾರ್ಷಿಕ ಪರೀಕ್ಷೆಯಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಅರ್ಧ ಪಾಠ ಓದಿದಳು, ಬೆವರುತ್ತ, ತಡವರಿಸುತ್ತ. ನಾಲ್ಕನೇ ಇಯತ್ತೆಗೆ ಅಷ್ಟು ಸಾಕಾಯಿತು.