ಅಮ್ಮಿ ನೋಡಿದ ಫಾತಿಮಾ

ದಿನಪತ್ರಿಕೆ ಕೈಗೆ ಬಂದ ಕೂಡಲೇ ನಾನು ಹುಡುಕುವುದು ನನ್ನ ಬೆನ್ನನ್ನು. ಮುಸ್ಲಿಂ ಹೆಣ್ಣುಮಕ್ಕಳ ಕುರಿತು ಯಾವ ಸುದ್ದಿಯೇ ಇರಲಿ, ಪರೀಕ್ಷೆಯ ಫಲಿತಾಂಶವೋ ಮತದಾನವೋ ಹೊಲಿಗೆ ಯಂತ್ರದ ಹಂಚಿಕೆಯೋ, ಪಕ್ಕದಲ್ಲಿ ಒಂದೇ ಫೋಟೊ: ಕಪ್ಪು ಬುರ್ಖಾದ ಮೂವರು ಎಲ್ಲಿಗೋ ನಡೆದು ಹೋಗುತ್ತಿದ್ದಾರೆ, ಹಿಂದಿನಿಂದ ತೆಗೆದದ್ದು. ಎಷ್ಟು ವರ್ಷಗಳಿಂದ ನಡೆಯುತ್ತಿದ್ದಾರೋ, ಇನ್ನೂ ಊರು ಮುಟ್ಟಿಲ್ಲ. ಅವರಲ್ಲಿ ಎಡಗಡೆಯವಳು ನಾನೇ ಎಂದು ಒಮ್ಮೆ ತರಗತಿಯಲ್ಲಿ ತಮಾಷೆಗೆ ಹೇಳಿದೆ. ಮಕ್ಕಳು ನಂಬಿಬಿಟ್ಟರು.

ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಅಮ್ಮಿ, ಅಂದರೆ ನನ್ನ ತಾಯಿ. ರಾಮದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಬಳೆ ಮಾರಿ ನಮ್ಮನ್ನೆಲ್ಲ ಓದಿಸಿದವಳು. ಎಪ್ಪತ್ತು ದಾಟಿ ವ್ಯಾಪಾರ ಬಿಟ್ಟಿದ್ದರೂ ಬುದ್ಧಿ ಇನ್ನೂ ಅಲ್ಲೇ ಇದೆ. ಮದುವೆಮನೆಯಲ್ಲಿ ಯಾರಾದರೂ ಎದುರಾದರೆ ಅವರ ಹೆಸರು ಹೊಳೆಯುವುದಿಲ್ಲ. ಇವಳು ಸಾಲಹಳ್ಳಿಯ ‘ಎರಡು ನಾಕು’, ಇವಳ ಅತ್ತೆ ‘ಎರಡು ಎಂಟು’ ಎಂದು ಬಳೆಯ ಅಳತೆಯಿಂದಲೇ ಇಡೀ ಮನೆತನವನ್ನು ಗುರುತಿಸುತ್ತಾಳೆ. ಯಾವ ಮನೆಯ ಸೊಸೆ ತವರಿಗೆ ಹೋದಾಗ ಕೈ ದಪ್ಪವಾಯಿತು, ಯಾವಾಕೆಯದು ಗಂಡನ ಮನೆಯಲ್ಲಿ ಸೊರಗಿತು, ಎಲ್ಲ ಆಕೆಗೆ ಗೊತ್ತು.

ಇಂಥ ಅಮ್ಮಿಗೆ ಸಂಜೆಯ ಧಾರಾವಾಹಿಗಳೆಂದರೆ ಪ್ರಾಣ. ಒಂದು ಧಾರಾವಾಹಿಯಲ್ಲಿ ಮುಸ್ಲಿಂ ಹೆಂಗಸಿನ ಪಾತ್ರ ಬರುತ್ತದೆಂದು ಗೊತ್ತಾದಾಗ, ನಮಾಜು ಮುಗಿಸಿ ಚಹಾದ ಬಟ್ಟಲು ಹಿಡಿದು ಹೊತ್ತಿಗೆ ಮುಂಚೆಯೇ ಕೂತಳು. ಬಂದವಳು ಅಡಿಗೆಮನೆಯಲ್ಲೂ ಬುರ್ಖಾ ತೊಟ್ಟು, ಒಲೆಯ ಮುಂದೆ ನಿಂತು ಅಳುತ್ತಿದ್ದಳು. “ಇಂಥಾ ಸೆಖ್ಯಾಗ ಒಲಿ ಮುಂದ ಬುರ್ಖಾ ಹಾಕ್ಕೊಂಡ್ರ ಅಳದ ಏನ್ ಮಾಡ್ತಾಳ” ಎಂದು ಟಿವಿಗೇ ಕನ್ನಡದಲ್ಲಿ ಹೇಳಿದಳು ಅಮ್ಮಿ.

ಸಿನಿಮಾ ಹಾಕಿದರೆ ಅಲ್ಲಿ ಇನ್ನೊಂದು ಜಾತಿಯ ಬೇಗಂ. ಅವಳ ಮನೆಗೆ ಕಿಟಕಿಗಿಂತ ಹೆಚ್ಚು ಜರಿಯ ಪರದೆಗಳು. ಬೆರಳೆತ್ತಿ ಆದಾಬ್ ಎನ್ನುತ್ತ ಅವಳಾಡುವ ಉರ್ದು ನಮಗೆ ಒಂದಕ್ಷರ ತಿಳಿಯುವುದಿಲ್ಲ. ನಮ್ಮ ಉರ್ದುವಿನಲ್ಲಿ ಅರ್ಧಕ್ಕರ್ಧ ಕನ್ನಡವೇ ಇದೆ. ಇನ್ನು ಪಠ್ಯಪುಸ್ತಕದ ಸಲ್ಮಾಳನ್ನು ನೋಡಿ. ರಂಜಾನಿನ ದಿನ ಗೆಳತಿಗೆ ಒಂದು ಬಟ್ಟಲು ಸುರಕುಂಬಾ ಪಾಯಸ ಕೊಟ್ಟು ಹೋದವಳು ಆ ವರ್ಷವಿಡೀ ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಕಿತ್ತೂರಿನಲ್ಲಿ ನರ್ಸಾಗಿರುವ ನನ್ನ ತಂಗಿ ದಿನಕ್ಕೆ ಹತ್ತು ಜನರನ್ನಾದರೂ ಗದರಿಸುತ್ತಾಳೆ, ಸವದತ್ತಿಯಲ್ಲಿ ಸ್ಕೂಟರ್ ಮೇಲೆ ಓಡಾಡುವ ಅತ್ತಿಗೆ ಪಂಚಾಯತಿಯಲ್ಲಿ ಮೇಜು ಗುದ್ದಿ ಮಾತಾಡುತ್ತಾಳೆ. ಇವರಿಗೆಲ್ಲ ಯಾರೂ ಪಾತ್ರ ಬರೆದಿಲ್ಲ. ಸಾಯುವುದರೊಳಗೆ ಒಮ್ಮೆ ನಮ್ಮಂಥಾಕಿಯನ್ನು ನೋಡಬೇಕು ಎಂದು ಅಮ್ಮಿ ಆಗಾಗ ಅನ್ನುತ್ತಿದ್ದಳು, ಊಟಕ್ಕೆ ಒಂದು ಒಳ್ಳೆಯ ಪಲ್ಯ ಬೇಕು ಅನ್ನುವಷ್ಟೇ ಸಹಜವಾಗಿ.

ಇಷ್ಟೆಲ್ಲ ಕೊಂಕು ತೆಗೆಯುವ ನಾನು ಮಾಡಿದ್ದೇನು ಕೇಳಿ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಭಾವೈಕ್ಯದ ಮೇಲೊಂದು ಸಣ್ಣ ನಾಟಕ ಬೇಕೆಂದು ಹೆಡ್‌ಮಾಸ್ತರು ಹೇಳಿದರು. ನಾನು ಒಂದೇ ಗುಕ್ಕಿನಲ್ಲಿ ಬರೆದು ಮುಗಿಸಿದೆ. ಅದರಲ್ಲಿ ಫಾತಿಮಾ ಎಂಬ ಹೆಂಗಸು. ಬುರ್ಖಾ ತೊಟ್ಟು ಬರುತ್ತಾಳೆ, ಅಳುತ್ತಾಳೆ, ‘ನಮ್ದುಕಿ ನಿಮ್ದುಕಿ’ ಎಂದು ತೊದಲುತ್ತಾಳೆ, ಮೂರನೆಯ ದೃಶ್ಯದಲ್ಲಿ ಊರ ಗೌಡರು ಬಂದು ಅವಳನ್ನು ಉದ್ಧಾರ ಮಾಡುತ್ತಾರೆ. ಬರೆದ ಹೆಮ್ಮೆಯಲ್ಲಿ, ನಿನ್ನಂಥವಳೊಬ್ಬಳು ನಾಟಕದಲ್ಲಿದ್ದಾಳೆ ಎಂದು ಅಮ್ಮಿಗೆ ಹೇಳಿಯೂಬಿಟ್ಟೆ. ಆಕೆ ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದಳು, ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು.

ತಾಲೀಮಿನ ಎರಡನೆಯ ದಿನ, ಫಾತಿಮಾಳ ಪಾತ್ರ ವಹಿಸಿದ್ದ ಒಂಬತ್ತನೆಯ ತರಗತಿಯ ಶಿವಲೀಲಾ ಮಾತಿನ ನಡುವೆ ನಿಂತಳು. ಹುಡುಗಿಗೆ ಕುಹಕ ಗೊತ್ತಿಲ್ಲ, ನಿಜವಾಗಿ ತಿಳಿಯಬೇಕಿತ್ತು. “ಟೀಚರ್, ನಿಮ್ಮ ಮನ್ಯಾಗ ಹಿಂಗ ಮಾತಾಡ್ತೀರೇನ್ರಿ? ಸಾಲ್ಯಾಗ ಚಲೋ ಮಾತಾಡ್ತೀರಲ್ಲ.”

ನನಗೆ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು, ಬಳೆಗಾರ್ತಿಯ ಮಗಳು, ಒಬ್ಬ ಮುಸ್ಲಿಂ ಹೆಂಗಸನ್ನು ಬರೆಯಲು ಕೂತಾಗ ನಮ್ಮ ಮನೆಯಲ್ಲಿ ಯಾರನ್ನೂ ನೆನೆಯಲಿಲ್ಲ. ಟಿವಿಯಲ್ಲಿ ಅಳುವವಳನ್ನು ನೆನೆದೆ. ಅದನ್ನು ಅಮ್ಮಿ ಮುಂದಿನ ಸಾಲಿನಲ್ಲಿ ಕೂತು ನೋಡುವವಳಿದ್ದಳು. ಆ ರಾತ್ರಿ ಹಾಳೆಗಳನ್ನು ಹರಿದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಕಾರಣ ಹೇಳದೆ, ಬಸುರಿಗೆ ಕುಬಸದ ಸೀಮಂತ ಮಾಡುವಾಗ ನೀನು ಬಳೆ ಹೇಗೆ ತೊಡಿಸುತ್ತಿದ್ದೆ ಎಂದು ಅಮ್ಮಿಯನ್ನು ಕೇಳಿದೆ. ಆಕೆ ಹೇಳುತ್ತ ಹೋದಳು, ನನ್ನ ಎರಡು ರೊಟ್ಟಿ ಕಪ್ಪಾದವು.

ಹೊಸ ಫಾತಿಮಾ ಬಳೆ ಮಾರುವವಳು. ಗೌಡರ ಮನೆಗೆ ಕುಬಸಕ್ಕೆ ಬರುತ್ತಾಳೆ, ಬಳೆಯ ಬಣ್ಣಕ್ಕಾಗಿ ಜಗಳಕ್ಕೆ ನಿಂತ ಅತ್ತೆ ಸೊಸೆಯನ್ನು ರಾಜಿ ಮಾಡಿಸುತ್ತಾಳೆ, ನಡುವೆ ಬಾಯಿ ಹಾಕಿದ ಗೌಡರನ್ನು ಹೊರಗೆ ಕಳಿಸುತ್ತಾಳೆ. ಹೆಡ್‌ಮಾಸ್ತರು ಓದಿ, ಇದರಲ್ಲಿ ಯಾರೂ ಅಳುವುದೇ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡರು. ಜನಕ್ಕೆ ಗುರುತಾಗಲೆಂದು ಒಂದು ಬುರ್ಖಾ ಆದರೂ ಇರಲಿ ಎಂದರು. ನಮ್ಮ ತಾಯಿ ಬುಟ್ಟಿ ಹೊತ್ತು ಹೊಲದ ದಾರಿಯಲ್ಲಿ ಸೀರೆ ಉಟ್ಟು, ಸೆರಗು ಹೊದ್ದೇ ತಿರುಗಿದ್ದು ಸರ್ ಎಂದೆ. ಅವರು ಒಳ್ಳೆಯ ಮನುಷ್ಯರು, ಒಪ್ಪಿಕೊಂಡರು.

ನಾಟಕದ ಸಂಜೆ ನಾನು ರಂಗವನ್ನು ನೋಡಲಿಲ್ಲ, ಅಮ್ಮಿಯನ್ನು ನೋಡುತ್ತಿದ್ದೆ. ಶಿವಲೀಲಾ ಬುಟ್ಟಿ ಹೊತ್ತು ಬಂದಾಗ ಆಕೆ ಕುರ್ಚಿಯ ತುದಿಗೆ ಸರಿದಳು. ಗೌಡರು ಹೊರಗೆ ಹೋದಾಗ ಮಂದಿಯೆಲ್ಲ ನಕ್ಕರೂ ಅಮ್ಮಿ ನಗಲಿಲ್ಲ. ಹುಬ್ಬು ಗಂಟಿಕ್ಕಿ ಕೂತೇ ಇದ್ದಳು. ಇದೂ ಆಕೆಯಲ್ಲ, ಮತ್ತೆ ತಪ್ಪಿದೆ ಎಂದುಕೊಂಡೆ.

ಅಮ್ಮಿ ನನ್ನೊಡನೆ ಆಡುವುದು ಉರ್ದು. ವ್ಯಾಪಾರದ ಮಾತು ಮಾತ್ರ ಕನ್ನಡದಲ್ಲಿ, ವ್ಯಾಪಾರವನ್ನು ಆಕೆ ಕಲಿತದ್ದೇ ಕನ್ನಡದಲ್ಲಿ. ಮನೆಗೆ ಹೊರಟ ಆಟೋದಲ್ಲಿ ಕನ್ನಡ ಶುರುವಾಯಿತು.

“ಆ ಹುಡಿಗಿ ಬಳಿ ಇಡೂ ಮುಂದ ಮಂದಿ ಕಡೆ ನೋಡಾಕತ್ತಿದ್ಲು. ಗಿರಾಕಿ ಮಾರಿ ನೋಡಬೇಕು. ನೋವಾತಂದ್ರ ಮಾರಿ ಮ್ಯಾಲ ಗೊತ್ತಾಗತೈತಿ.”

ಮುಖದ ಮಾತಿರಲಿ, ಫಾತಿಮಾ ನಮ್ಮಂಥವಳು ಅನಿಸಿದಳೋ ಇಲ್ಲವೋ ಎಂದು ಕೇಳಿದೆ.

“ಅನಿಸಿದ್ದಕ್ಕ ಹೇಳಾಕತ್ತೇನಿ. ಬ್ಯಾರೆ ಯಾರರ ಆಗಿದ್ರ ನಾ ಯಾಕ ಬಾಯಿ ತಗೀತಿದ್ದೆ? ನಾಳಿ ಆಕೀನ್ನ ಮನಿಗೆ ಕರಕೊಂಡು ಬಾ.”

ನನಗೆ ನಗು ಬಂತು. ಇಷ್ಟು ವರ್ಷ ಟಿವಿಯ ಹೆಂಗಸರನ್ನು ನೋಡಿ ಆಕೆ ಮರುಗಿದ್ದಳು, ನಕ್ಕಿದ್ದಳು. ಒಬ್ಬಳಿಗಾದರೂ ಕೆಲಸ ಕಲಿಸುತ್ತೇನೆ ಎಂದಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಶಿವಲೀಲಾ ಬಂದಳು. ಅಮ್ಮಿ ದಾರಕ್ಕೆ ಪೋಣಿಸಿಟ್ಟಿದ್ದ ಹಸಿರು ಬಳೆಗಳ ಮಲಾರ ಬಿಚ್ಚಿ, ಆಕೆಯನ್ನು ಎದುರು ಕೂರಿಸಿಕೊಂಡು, ತನ್ನ ಸುಕ್ಕುಗಟ್ಟಿದ ಕೈಯನ್ನೇ ಮುಂದೆ ಚಾಚಿದಳು. ಹುಡುಗಿ ಅಂಜುತ್ತ ಹಿಡಿದಳು.

“ಆಯಿ, ನೋವಾದ್ರ ಹೇಳ್ರಿ ಮತ್ತ.”

“ನಾ ಹೇಳಾಂಗಿಲ್ಲ,” ಎಂದಳು ಅಮ್ಮಿ. “ನೀ ನನ್ನ ಮಾರಿ ನೋಡು.”