ಸಪ್ಪಳ ಮಾಡದ ಗಿಟಾರು

ನಾನು ಎಲೆಕ್ಟ್ರಿಕ್ ಗಿಟಾರು ಕೊಂಡದ್ದು ಅದರ ನಾದಕ್ಕೆ ಮರುಳಾಗಿ ಎಂದು ನಮ್ಮ ಓಣಿಯವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಅದು ಸಪ್ಪಳ ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೊಂಡೆ.

ಇದು ಅರ್ಥವಾಗಬೇಕಾದರೆ ನಿಮಗೆ ನಮ್ಮ ಸೀಮೆ ಗೊತ್ತಿರಬೇಕು. ಧಾರವಾಡದ ಕಡೆ ಹಾಡಲು ಬಾರದವರು ಬೇಕಾದಷ್ಟು ಸಿಗುತ್ತಾರೆ, ಹಾಡು ತಿದ್ದಲು ಬಾರದವರು ಸಿಗುವುದಿಲ್ಲ. ನಮ್ಮ ಮನೆ ನವನಗರದಲ್ಲಿ, ಅಂದರೆ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ. ಹೀಗಾಗಿ ಎರಡೂ ಊರಿನ ತಿದ್ದುವವರಿಗೆ ಕೈಗೆಟುಕುವಂತಿದ್ದೇವೆ. ಕಂಪೌಂಡಿನ ಆಚೆಗೇ ಚನ್ನಪ್ಪ ಕಾಕಾ ಇದ್ದಾರೆ. ಆಯುಷ್ಯವೆಲ್ಲ ಹತ್ತಿ ವ್ಯಾಪಾರ ಮಾಡಿದವರು. ಅರಳೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ ಅದರ ಯೋಗ್ಯತೆ ಹೇಳುತ್ತಿದ್ದಂತೆಯೇ ಈಗ ಓಣಿಯ ಎಲ್ಲರ ಸ್ವರವನ್ನೂ ಎಳೆದು ನೋಡುತ್ತಾರೆ. ಮೂರು ಮನೆ ಆಚೆ ಯಾರೋ ಕೂಸಿಗೆ ಜೋಗುಳ ಹಾಡಿದರೆ ಇವರ ಹುಬ್ಬು ಗಂಟಾಗುತ್ತದೆ. ನಾನು ಹಿಂದೊಮ್ಮೆ ಹಾರ್ಮೋನಿಯಂ ತಂದು ಅಂಜುತ್ತ ನಾಲ್ಕು ಸ್ವರದ ಮನೆ ಒತ್ತಿದ್ದೆ. ಗೋಡೆಯ ಮೇಲಿಂದ ಕಾಕಾ ಅವರ ತಲೆ ಕಾಣಿಸಿತು.

"ಅಕ್ಕಾರ, ಗಂಧಾರ ಕೋಮಲ ಹಿಡೀಬೇಕ್ರಿ."

ಅವರು ಹೇಳಿದ್ದು ಸರಿಯೇ ಇತ್ತು. ಅದೇ ನನ್ನ ಸಂಕಟ. ನಾನು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ದಿನವಿಡೀ ಸರಿಯಾಗಿರುವುದೇ ನನ್ನ ನೌಕರಿ. ಮಾತು ಸರಿ ಇರಬೇಕು, ಸೀರೆಯ ನೆರಿಗೆ ಸರಿ ಇರಬೇಕು, ಮಕ್ಕಳ ತಪ್ಪನ್ನು ತಿದ್ದಬೇಕು, ಮಾಸ್ತರರ ತಪ್ಪನ್ನು ಮಕ್ಕಳಿಗೆ ಗೊತ್ತಾಗದಂತೆ ತಿದ್ದಬೇಕು. ಐವತ್ತು ದಾಟಿದ ಮೇಲೆ ನನಗೊಂದು ಆಸೆ ಹುಟ್ಟಿತು. ಯಾವುದಾದರೂ ಒಂದು ಕೆಲಸವನ್ನು ಮನಸ್ಸು ತುಂಬುವಷ್ಟು ಕೆಟ್ಟದಾಗಿ ಮಾಡಬೇಕು, ಯಾರೂ ತಿದ್ದಬಾರದು. ಇಷ್ಟು ಸಣ್ಣ ಆಸೆಗೆ ನಮ್ಮೂರಲ್ಲಿ ಜಾಗವಿರಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆ ಸೇರಿತು.

ಹೀಗಿರುವಾಗ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕಾಲೇಜು ಹುಡುಗಿಯರ ತಂಡವೊಂದು ಬಂತು. ರಂಗದ ಹಿಂದೆ ಒಬ್ಬಳು ಗಿಟಾರು ಹಿಡಿದು ಮೈಮರೆತು ಬೆರಳಾಡಿಸುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿದ್ದರೂ ನನಗೆ ಏನೂ ಕೇಳಿಸಲಿಲ್ಲ. ಕಿವಿ ಹೋಯಿತೇನೋ ಎಂದು ಗಾಬರಿಯಾಗಿ ಕೇಳಿದರೆ, "ವಾಯರ್ ಹಚ್ಚಿಲ್ರಿ ಮೇಡಂ, ಹಚ್ಚೂತನಕ ಕೇಳಂಗಿಲ್ಲ" ಎಂದಳು. ನಾನು ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ತಂಬೂರಿ ಅನ್ನುವುದು ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು. ತಂತಿ ಮಿಸುಕಿದರೆ ಸಾಕು, ಬುರುಡೆ ಊರಿಗೆಲ್ಲ ಸಾರುತ್ತದೆ. ಈ ವಾದ್ಯಕ್ಕೆ ಬುರುಡೆಯೇ ಇಲ್ಲ. ತಂತಿಯ ಕೆಳಗಿನ ಅಯಸ್ಕಾಂತ ಅದರ ನಡುಕವನ್ನು ಹಿಡಿದು ಗುಟ್ಟಾಗಿ ವಾಯರಿಗೆ ಒಪ್ಪಿಸುತ್ತದಂತೆ. ಇಂಥದೊಂದು ಲೋಕದಲ್ಲಿದೆ ಎಂದು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ!

ಮನೆಯಲ್ಲಿ ವಿಷಯ ತೆಗೆದಾಗ ನಮ್ಮವರ ಕೈಯ ಚಹಾ ಬಸಿಯಲ್ಲೇ ನಿಂತಿತು.

"ಏನಂದಿ? ಕರೆಂಟಿನ ಗಿಟಾರ? ನೀನ?"

"ಹೌದ್ರಿ."

"ಕರೆಂಟ್ ಹೊಡದ್ರ?"

ಆದರೂ ಸ್ಕೂಟರ್ ತೆಗೆದರು. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಬಜೆಟ್ ಹೇಳಿ, ಕೆಂಪಗೆ ಹೊಳೆಯುವ ಒಂದು ಗಿಟಾರು ಅದರೊಳಗೆ ಬರುತ್ತದೆಂದು ತಿಳಿದು ಹಿಗ್ಗಿದೆ. ಅಂಗಡಿಯವ ಶಾಂತವಾಗಿ, "ಸಪ್ಪಳ ಹೊರಡಸೋ ಆಂಪ್ ಬ್ಯಾರೆ ರೀ, ವಾಯರ್ ಬ್ಯಾರೆ, ಹೆಗಲಿಗೆ ಹಾಕೋ ಪಟ್ಟಾನೂ ಬ್ಯಾರೆ" ಎಂದ. ಎಮ್ಮೆಯ ದರ ಮಾತಾಡಿ ಮುಗಿದ ಮೇಲೆ ಕೆಚ್ಚಲಿನ ದರ ಬೇರೆ ಎಂದಂತಾಯಿತು. ನಮ್ಮವರು ಅಷ್ಟರಲ್ಲಿ, ತಂಬೂರಿಯ ಬುರುಡೆ ಬಾರಿಸಿ ನೋಡುವ ನಮ್ಮ ಕಡೆಯ ಪದ್ಧತಿಯಂತೆ, ಗಿಟಾರಿನ ಬೆನ್ನಿಗೆ ಬೆರಳ ಗಣ್ಣಿನಿಂದ ಕುಟ್ಟಿ ಕಿವಿಗೊಟ್ಟಿದ್ದರು. ಅಲ್ಲಿಂದಲೇ ಕೂಗಿದರು.

"ಏ, ಇದರಾಗ ಪೊಳ್ಳ ಇಲ್ಲ! ಬರೇ ಹಲಗಿ ಐತಿ! ಮೋಸ!"

ಅಂಗಡಿಯವ ಪಾಪ, ಎಲ್ಲವೂ ಹಲಗೆಯೇ ಎಂದು ನಾಲ್ಕು ಗಿಟಾರು ಕುಟ್ಟಲು ಕೊಟ್ಟ. ನಂತರ ಒಂದು ದೊಡ್ಡ ಆಂಪ್ ಎಳೆದು ತಂದ. ನಾನು ಬೇಡವೆಂದೆ. ಸ್ವಲ್ಪ ಸಣ್ಣದು ತಂದ. ಅದೂ ಬೇಡವೆಂದೆ.

"ಎಲ್ಲಕ್ಕಿಂತ ಕಡಿಮಿ ಸಪ್ಪಳ ಮಾಡೋದು ಯಾವುದೈತಿ, ಅದನ್ನ ತೋರಸ್ರಿ."

ಅವನು ನಮ್ಮವರ ಮುಖ ನೋಡಿದ. "ಸರ್, ಸಪ್ಪಳಕ್ಕಂತನ ಇದನ್ನ ತಗೋತಾರ್ರಿ." ನಮ್ಮವರೂ ಅವನ ಪಕ್ಷ ಸೇರಿ, "ರೊಕ್ಕ ಅಂತೂ ಕೊಡತೀವಿ, ಸಪ್ಪಳರೆ ದೊಡ್ಡದಿರಲಿ" ಎಂದರು. ನಾನು ಜಗ್ಗಲಿಲ್ಲ. ಕೆಂಪು ಗಿಟಾರಿನ ಆಸೆ ಬಿಟ್ಟು ಕಪ್ಪನೆಯ ಸಾದಾ ಒಂದನ್ನು ಆರಿಸಿದೆ. ಅದರ ಕುತ್ತಿಗೆ ನೆಟ್ಟಗಿತ್ತು, ತಂತಿಗಳು ಕಟ್ಟಿಗೆಗೆ ಹತ್ತಿರವಿದ್ದು ಬೆರಳಿಗೆ ಹಗುರವಾಗಿದ್ದವು. ಉಳಿದ ಬಜೆಟ್ಟಿನಲ್ಲಿ, ಮಕ್ಕಳ ಊಟದ ಡಬ್ಬಿಗಿಂತ ತುಸು ದೊಡ್ಡದಾದ, ಹೆಡ್‌ಫೋನ್ ಸಿಕ್ಕಿಸಿದರೆ ತಾನು ಬಾಯಿ ಮುಚ್ಚಿಕೊಳ್ಳುವ ಆಂಪ್ ಬಂತು. ಬಜೆಟ್ ಕಡಿಮೆ ಇದ್ದವರಿಗೆ ನನ್ನ ಸಲಹೆ ಇಷ್ಟೇ: ಬಣ್ಣಕ್ಕೆ ದುಡ್ಡು ಹಾಕಬೇಡಿ, ಹೆಡ್‌ಫೋನಿನ ತೂತಿಗೆ ಹಾಕಿ.

ಆಮೇಲಿನ ದಿನಗಳ ಸುಖ ಏನು ಹೇಳಲಿ! ಸಂಜೆ ಶಾಲೆಯಿಂದ ಬಂದು, ಕಿವಿ ಮುಚ್ಚಿಕೊಂಡು, ಮನಸಾರೆ ತಪ್ಪು ಬಾರಿಸಿದೆ. ಒಂದೇ ತಪ್ಪನ್ನು ಹತ್ತಾರು ಬಗೆಯಲ್ಲಿ ಮಾಡಬಹುದೆಂದು ಗೊತ್ತಾಯಿತು. ಆಂಪಿನ ಗುಂಡಿಯೊಂದನ್ನು ಪೂರ್ತಿ ತಿರುವಿದರೆ ಸ್ವರ ಹರಿದು ಚಿಂದಿಯಾಗಿ ಗುಡುಗುತ್ತದೆ. ಗುಡುಗಿಸಿದೆ. ಹೊರಗೆ ಚನ್ನಪ್ಪ ಕಾಕಾ ಗಿಡಗಳಿಗೆ ನೀರು ಬಿಡುತ್ತಿದ್ದರು, ಅವರಿಗೆ ಏನೇನೂ ಗೊತ್ತಿರಲಿಲ್ಲ.

ಒಂದು ರವಿವಾರ ಬೆಳಿಗ್ಗೆ, ಕಿಟಕಿಗಳೆಲ್ಲ ತೆರೆದಿರುವಾಗ, ನನ್ನ ಕಾಲು ತೊಡರಿ ಹೆಡ್‌ಫೋನಿನ ವಾಯರ್ ಕಿತ್ತು ಬಂತು. ಆ ಊಟದ ಡಬ್ಬಿಯಿಂದ ಅಂಥದೊಂದು ಆರ್ಭಟ ಹೊರಡುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಡುಗೆಮನೆಯಲ್ಲಿ ನಮ್ಮವರ ಕೈಯಿಂದ ಪಾತ್ರೆ ಬಿತ್ತು. ಮುಗಿಯಿತು ನನ್ನ ಸುಖ ಅನ್ನಿಸಿ ಕಣ್ಣಲ್ಲಿ ನೀರೇ ಬಂತು. ಗೋಡೆಯ ಮೇಲಿಂದ ಚನ್ನಪ್ಪ ಕಾಕಾ ಅವರ ತಲೆ ಮೇಲೆದ್ದಿತು.

"ಅಕ್ಕಾರ, ಏನರೆ ಸುಟ್ಟತೇನ್ರಿ?"

"ಇಲ್ರಿ ಕಾಕಾ. ನಾನ ಗಿಟಾರ ಬಾರಸಾಕತ್ತಿದ್ದೆ."

ಅವರ ಹುಬ್ಬು ಗಂಟಾಯಿತು. ನಾನು ಕೋಮಲವೋ ತೀವ್ರವೋ ಎಂದು ತೀರ್ಪಿಗೆ ಕಾದೆ. ಕಡೆಗೆ, ಸಣ್ಣ ದನಿಯಲ್ಲಿ, "ಅದು ಹಿಂಗ ಇರಬೇಕೇನ್ರಿ?" ಎಂದರು.

ನಾನು ಬೆಚ್ಚಿಬಿದ್ದೆ. ಸ್ವರದ ವಿಷಯದಲ್ಲಿ ಈ ಮನುಷ್ಯ ಪ್ರಶ್ನೆ ಕೇಳಿದ್ದನ್ನು ನಾನು ಕಂಡೇ ಇರಲಿಲ್ಲ. "ಹಿಂಗ ಇರಬೇಕ್ರಿ" ಎಂದು ಧೈರ್ಯವಾಗಿ ಹೇಳಿದೆ. ಇಡೀ ಓಣಿಯಲ್ಲಿ ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

ಸಂಜೆ ಗೇಟು ಸಪ್ಪಳವಾಯಿತು. ಚನ್ನಪ್ಪ ಕಾಕಾ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು. ಆ ಮಾತು ಈ ಮಾತು ಆಡಿ, ಚಹಾ ಕುಡಿದು, ಗಿಟಾರಿನ ಕಡೆ ನೋಡುತ್ತ, "ನಾನು ಒಂದ್ ಸಲ ಮುಟ್ಟಿ ನೋಡಲೇನ್ರಿ?" ಎಂದರು.

"ನೀವು ಮೊದಲ ಏನ ಬಾರಸತಿದ್ರಿ ಕಾಕಾ?"

"ಏನೂ ಇಲ್ರಿ. ಈ ಸುಡಗಾಡ ಕಿವಿ ಬಿಡಬೇಕಲ್ಲ. ಹಾರ್ಮೋನಿಯಂ ಮುಂದ ಕೂತ್ರ, ತಪ್ಪತೈತಿ ಅಂತ ಒತ್ತೋಕಿಂತ ಮೊದಲ ಗೊತ್ತಾಗತಿತ್ರಿ. ಎದ್ದು ಬರತಿದ್ದೆ."

ಊರಿನ ಸ್ವರವನ್ನೆಲ್ಲ ತಿದ್ದಿದ ಮನುಷ್ಯ ಇಡೀ ಜನ್ಮದಲ್ಲಿ ಒಂದು ಸ್ವರವನ್ನೂ ತಾನಾಗಿ ಹಚ್ಚಿರಲಿಲ್ಲ. ಗಿಟಾರನ್ನು ಅವರ ತೊಡೆಯ ಮೇಲಿಟ್ಟು, ಹೆಡ್‌ಫೋನನ್ನು ಕಿವಿಗೆ ಕೂಡಿಸಿದೆ. ಅವರು ತಂತಿ ಮೀಟಿದರು. ನನಗೆ ಕೇಳಿಸಿದ್ದು ಟಿಕ್ ಟಿಕ್ ಎನ್ನುವುದಷ್ಟೇ, ಆದರೆ ಬೆರಳು ಕಾಣುತ್ತಿತ್ತಲ್ಲ. ಗಿಟಾರಿನ ಕುತ್ತಿಗೆಯ ಎರಡು ಲೋಹದ ಪಟ್ಟಿಗಳ ನಡುವೆ ಒತ್ತಬೇಕಾದ ಬೆರಳು ಪಟ್ಟಿಯ ಮೇಲೇ ಕೂತಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ನಾಲಗೆಯ ತುದಿಗೆ "ಹಂಗಲ್ರಿ" ಬಂದೇಬಿಟ್ಟಿತು. ನಾನೂ ತಿದ್ದುವವರಲ್ಲೇ ಒಬ್ಬಳೆಂದು ಎಂಥ ಪೆಟ್ಟು ಬಿತ್ತು ನೋಡಿ ನನಗೆ! ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತೆ. ನೌಕರಿಯಲ್ಲಿ ನಾನು ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಹೆಡ್‌ಫೋನ್ ಹಾಕಿದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. "ಅಕ್ಕಾರ, ತಪ್ಪಾತಲ್ರೀ!" ಎಂದು ಚನ್ನಪ್ಪ ಕಾಕಾ ಇಡೀ ಓಣಿಗೆ ಕೇಳುವಂತೆ ಕೂಗಿದರು.

"ಆಗ್ಲಿ ಬಿಡ್ರಿ, ಬಾರಸ್ರಿ" ಎಂದೆ.

ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಮತ್ತೆ ತಂತಿಯ ಮೇಲೆ ಬಾಗಿದ್ದರು.