ನೂರರ ರೋಲು, ಕತ್ತಲೆಯ ತೊಟ್ಟಿಲು

ನಾನು ಚಿಕ್ಕವನಿದ್ದಾಗ ಫೋಟೋ ತೆಗೆದ ಕೂಡಲೇ ನೋಡಲು ಆಗುತ್ತಿರಲಿಲ್ಲ. ರೋಲು ತೊಳೆದು ಬರುವ ತನಕ ಕಾಯಬೇಕಿತ್ತು. ಹಾಗೆ ಕಾದು ನಮ್ಮ ಅಕ್ಕ ಅತ್ತ ದಿನ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಖಡಕಿ ಊರಿನ ನಮ್ಮ ಮನೆಯಲ್ಲಿ ಅಕ್ಕನ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಭಾವ ಸೈನಿಕ, ದೂರದ ಗಡಿಯಲ್ಲಿದ್ದ. ಮಗಳ ಮುಖ ಇನ್ನೂ ನೋಡಿರಲಿಲ್ಲ. ಫೋಟೋ ಅವನಿಗೇ ಹೋಗಬೇಕಿತ್ತು. ಒಳಕೋಣೆಗೆ ಒಂದೇ ಕಿಟಕಿ. ಎಣ್ಣೆದೀಪ, ಲೋಬಾನದ ಹೊಗೆ, ಹೆಂಗಸರ ಜೋಗುಳ. ಕೂಸು ಬೆದರುತ್ತದೆ, ಫ್ಲಾಶ್ ಬೇಡ ಎಂದು ಅಜ್ಜಿ ಹೇಳಿಬಿಟ್ಟಿದ್ದಳು. ಅದಕ್ಕೇ ಅಪ್ಪ ನಾನೂರರ ರೋಲು ತರಲು ಹೇಳಿದ್ದ. ರೋಲಿನ ಮೇಲಿನ ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು.

ದೊಡ್ಡಪ್ಪ ತಂದದ್ದು ನೂರರದು.

"ಅಣ್ಣಾ, ಇದು ಬಿಸಲಾಗಿಂದು. ಒಳಗ ನಡಿಯಂಗಿಲ್ರಿ," ಎಂದ ಅಪ್ಪ.

"ನೂರರದು ಭಾಳ ನುಣ್ಣಗ ಬರ್ತದಂತ ಅಂಗಡಿಯಂವ ಹೇಳ್ಯಾನ. ನಾನೂರ ಬೇಕಂದ್ರ ಕ್ಯಾಮೆರಾದ ಗುಂಡಿ ನಾನೂರಕ್ಕ ತಿರುವು. ಆತಲ್ಲ!"

"ಆ ಗುಂಡಿ ಒಳಗಿನ ರೋಲು ಯಾವದಂತ ಕ್ಯಾಮೆರಾಕ್ಕ ಹೇಳ್ತದ ಅಷ್ಟ. ಅದನ್ನ ತಿರುವಿದ್ರ ರೋಲು ಬದಲಾಗ್ತದೇನ್ರಿ?"

"ಬೀಗರ ಮುಂದ ನನಗ ಶಾಣ್ಯಾತನ ಕಲಸ್ತಿಯೇನೋ?"

ಶಾಸ್ತ್ರಕ್ಕೆ ಬಂದಿದ್ದ ಬೀಗರು, ಭಾವನ ಮನೆಯವರು, ನಕ್ಕರು. ಅಪ್ಪ ಅದೇ ರೋಲನ್ನು ಕ್ಯಾಮೆರಾಕ್ಕೆ ಹಾಕಿದ. ಬೀಗರೆದುರು ಅಣ್ಣನ ಮಾತು ಮೀರಬಾರದಂತೆ. ಅಂಗಡಿ ಎರಡೇ ಗಲ್ಲಿ ಆಚೆ ಇತ್ತು. ಓಡಿಹೋಗಿ ಬದಲಿಸಿ ತರಬಹುದಿತ್ತು. ಆದರೆ ಅಪ್ಪ ಎಲ್ಲ ಗೊತ್ತಿದ್ದೂ ಗುಂಡಿ ತಿರುವಿದ. ಇಡೀ ರೋಲು ಮುಗಿಸಿದ.

ಫೋಟೋ ಬಂದವು. ದೀಪದ ಕುಡಿ ಕಂಡಿತು, ಅಕ್ಕನ ಬಳೆ ಮಿನುಗಿತು. ತೊಟ್ಟಿಲಿದ್ದ ಕಡೆ ಬರೀ ಮಸಿ.

"ನಿನ್ನ ಕೈ ನಡುಗ್ಯಾವ," ಎಂದ ದೊಡ್ಡಪ್ಪ. ಕೈ ನಡುಗಿದರೆ ಫೋಟೋ ಅಲುಗಾಡಿದಂತೆ ಬರುತ್ತದೆ, ಕಪ್ಪಾಗುವುದಿಲ್ಲ! ಅಪ್ಪ ಅದನ್ನೂ ಹೇಳಲಿಲ್ಲ.

ಇದ್ದುದರಲ್ಲಿ ಒಂದನ್ನು ಆರಿಸಿ ಅಕ್ಕ ಅಂಚೆಗೆ ಹಾಕಿದಳು. ಭಾವನ ಪತ್ರ ಬಂತು: 'ಫೋಟೋ ಮುಟ್ಟಿತು. ಕೂಸು ಯಾವ ಕಡೆ ಮಲಗ್ಯಾಳ? ಒಂದು ಗೀಟು ಹಾಕಿ ಕಳಸು.' ಅಕ್ಕ ಆ ಪತ್ರ ಅಪ್ಪನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಕ್ಕಳೇ, ಈಗ ನಿಮ್ಮ ಫೋನು ಕತ್ತಲೆಯನ್ನು ತಾನೇ ಅಳೆದು, ಬೆಳಕು ಹೀರುವ ಶಕ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಚಿತ್ರ ರವೆ ಚೆಲ್ಲಿದಂತೆ ಒರಟಾಗಿ ಬರಬಹುದು. ಬರಲಿ, ಮುಖವಾದರೂ ಕಾಣುತ್ತದಲ್ಲ! ಫೋನು ಯಾರ ಮರ್ಯಾದೆಗೂ ಅಂಜುವುದಿಲ್ಲ. ನೀವು ಅಂಜುತ್ತೀರಿ. ನಾನು ತಪ್ಪು ಹೇಳಿದರೆ, ಎದುರಿಗೆ ಬೀಗರಿರಲಿ, ಯಾರೇ ಇರಲಿ, ಅಲ್ಲೇ ಹೇಳಿ. ನನಗೆ ಸಿಟ್ಟು ಬರುತ್ತದೆ. ಬಂದರೂ ಹೇಳಿ.